ತಟ್ಟೆಯಲ್ಲಿ ಉಳಿದ ರೊಟ್ಟಿ

ಕಾಶಿಯ ಕೇದಾರ ಘಾಟ್ ಹತ್ತಿರದ ನಮ್ಮ ಮಠದಲ್ಲಿ ಪ್ರಸಾದದ ಒಂದು ಅಗುಳನ್ನೂ ತಟ್ಟೆಯಲ್ಲಿ ಬಿಡುವಂತಿಲ್ಲ. ಉಂಡ ಮೇಲೆ ತಟ್ಟೆ ತೊಳೆದು ಆ ನೀರನ್ನೂ ಕುಡಿಯಬೇಕು. ಪಂಕ್ತಿಯ ಉಸ್ತುವಾರಿ ನನ್ನದು. ಹೈಸ್ಕೂಲು ಮುಗಿಸಿ ಕಲಬುರಗಿ ಕಡೆಯಿಂದ ಬಂದವನು, ಇಲ್ಲೇ ಮುದುಕನಾದೆ.

ನನ್ನ ಮಗಳ ಮಗ ಕಾಶಿಯಲ್ಲೇ ಬೆಳೆದವನು. ಕಾಲೇಜಿಗೆ ಹೋಗುತ್ತ ಗುಟ್ಕಾ ಕಲಿತಿದ್ದ. ಹೋದ ಚಳಿಗಾಲ ಒಂದು ಸಂಜೆ ಫೋನ್ ಹಿಡಿದು ನನ್ನ ಪಕ್ಕ ಕುಳಿತ.

"ಅಜ್ಜಾ, ಬಾಯಿ ಪೂರಾ ತೆರದ್ರ ಮೂರು ಬೆರಳು ಒಂದರ ಮ್ಯಾಲೊಂದು ಒಳಗ ಹಿಡೀಬೇಕಂತ. ನಂದರಾಗ ಎರಡೇ ಹಿಡೀತಾವ. ಒಳಗ ಬೆಳ್ಳಗ ಆಗ್ಯಾದ. ವಿಡಿಯೋದಾಗ ಮುಂದ ಕ್ಯಾನ್ಸರ್ ಆಗಬಹುದು ಅಂತಾರ."

"ಆ ಹೆಸರು ತಗೀಬ್ಯಾಡ! ಗುಟ್ಕಾ ಬಿಡು, ತುಪ್ಪ ಹಚ್ಚು, ಹೋಗ್ತದ."

"ಡಾಕ್ಟರ್ ಸಾಹೇಬ್ರಿಗೆ ಒಂದ್ಸಲ ಕೇಳಿ ನೋಡು ಅಜ್ಜಾ. ಫೋನ್ ನೋಡಿದಷ್ಟೂ ಡರ್ ಆಗ್ತದ."

ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿರುವ ನಮ್ಮ ಕಡೆಯ ವೈದ್ಯರೊಬ್ಬರು ಸೋಮವಾರ ಪ್ರಸಾದಕ್ಕೆ ಬರುತ್ತಾರೆ. ಅವರನ್ನು ಕೇಳಿದರೆ, ಮಠದಲ್ಲಿರುವವನ ಮೊಮ್ಮಗ ಗುಟ್ಕಾ ತಿನ್ನುತ್ತಾನೆಂದು ಇಲ್ಲಿನ ಕನ್ನಡದ ಮನೆಗಳಿಗೆಲ್ಲ ಗೊತ್ತಾಗುತ್ತದೆ ಎಂದು ಅಳುಕಿದೆ. ಕೇಳಲಿಲ್ಲ. 'ಕೇಳಿದೆ, ಏನೂ ಇಲ್ಲ ಅಂದರು' ಎಂದು ಅವನಿಗೆ ಸುಳ್ಳು ಹೇಳಿದೆ. ಅವನು ಫೋನನ್ನು ಬಿಟ್ಟು ನನ್ನನ್ನು ನಂಬಿದ.

ಬೇಸಿಗೆಗೆ ಪಂಕ್ತಿಯಲ್ಲಿ ರೊಟ್ಟಿ ಉಳಿಸತೊಡಗಿದ. ಸೊಕ್ಕು ಎಂದುಕೊಂಡೆ. ಒಂದು ಸೋಮವಾರ ಎಲ್ಲರೆದುರು ಗದರಿದೆ.

"ಏ ನವಾಬಾ, ಪ್ರಸಾದ ರುಚಿ ಹತ್ತವಲ್ದೇನು? ಗೋದೌಲಿಯಾ ಬಜಾರದ ಚಾಟ್ ತರಿಸ್ಲೇನು? ತಿಂದು ಏಳು!"

ಯಾರೋ ನಕ್ಕರು. ಅವನು ಅರ್ಧವೂ ತೆರೆಯದ ಬಾಯಿಗೆ ರೊಟ್ಟಿಯ ಚೂರನ್ನು ಒತ್ತಿ ತುರುಕಿದ. ಹೊರಗೆ ತೆಗೆದಾಗ ಅದಕ್ಕೆ ರಕ್ತ ಹತ್ತಿತ್ತು.

ಎದುರು ಸಾಲಿನಲ್ಲಿದ್ದ ವೈದ್ಯರು ಎದ್ದು ಬಂದು ಅವನ ಬಾಯೊಳಗೆ ಬೆಳಕು ಬಿಟ್ಟು ನೋಡಿದರು. ಕುತ್ತಿಗೆಯನ್ನು ಎರಡು ಕಡೆಯೂ ಮುಟ್ಟಿದರು. ಒಂದು ಕಡೆ ಅವರ ಬೆರಳು ನಿಂತಿತು.

"ತಮ್ಮಾ, ನನಗ ಮೊದಲೇ ಯಾಕ ಹೇಳಲಿಲ್ಲ?"

"ಅಜ್ಜ ಕೇಳಿದ್ರಲ್ಲ ಸರ್, ಚಳಿಗಾಲದಾಗೇ. ನೀವೇ ಕುಛ್ ನಹೀಂ ಅಂದ್ರಂತ."

ವೈದ್ಯರು ನನ್ನ ಮುಖ ನೋಡಿದರು. ಅವನೂ ನೋಡಿದ.

"ಈಗ್ಲೇ ನಡಿ, ನನ್ನ ಜೋಡಿ," ಎಂದರು ವೈದ್ಯರು.

ಬಾಯೊಳಗಿನ ಮಾಂಸದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ, ವರದಿ ಬಂದಿಲ್ಲ. ಮೊಮ್ಮಗ ಬಾಗಿಲು ಮುಚ್ಚಿಕೊಂಡು ಮತ್ತೆ ಫೋನಿನಲ್ಲಿ ಓದುತ್ತಾನೆ. ನನ್ನನ್ನು ಏನೂ ಕೇಳುವುದಿಲ್ಲ. ಏನು ಓದಿದೆ ಎಂದು ಕೇಳಲು ನಾನು ಬಾಗಿಲವರೆಗೆ ಹೋಗುತ್ತೇನೆ, ಹಾಗೇ ತಿರುಗಿ ಬರುತ್ತೇನೆ.