ನೆನೆಯಿಡದ ಬಟ್ಟೆಯ ಕೌದಿ

ಅರವತ್ತು ವರ್ಷ ಕೌದಿ ಹೊಲಿದಿದ್ದೇನೆ. ಕೌದಿಗೆಂದು ಒಂದು ಸಲವೂ ಬಟ್ಟೆ ಕೊಂಡವಳಲ್ಲ. ಹರಿದ ಸೀರೆ, ಸವೆದ ಧೋತರ, ತೋಳು ಹೋದ ಅಂಗಿ, ಇವನ್ನೆಲ್ಲ ಪದರು ಪದರಾಗಿ ಹಾಸಿ ಒತ್ತೊತ್ತಾಗಿ ದಾರ ಎಳೆದರೆ ಕೌದಿಯಾಯಿತು. ಮನೆಯಲ್ಲಿ ಬಟ್ಟೆ ಹರಿಯುತ್ತಿರುವಾಗ ಅಂಗಡಿಯ ದಾರಿ ಯಾಕೆ ಬೇಕು?

ಹೋದ ವರ್ಷ ಬೇಕಾಯಿತು. ಮಗನ ಮಗಳು ಬಾಣಂತನಕ್ಕೆ ಮಸ್ಕಿಗೆ, ನಮ್ಮ ಮನೆಗೆ ಬಂದಿದ್ದಳು. ಅವಳ ಗಂಡನಿಗೆ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ, ಮನೆಯೂ ಅಲ್ಲೇ. ಐದನೆಯ ತಿಂಗಳಿಗೆ ಕೂಸನ್ನು ಎತ್ತಿಕೊಂಡು ಅವಳು ಹೋಗಬೇಕು. ತವರಿನಿಂದ ಹೊರಡುವ ಕೂಸಿನ ಕೆಳಗೆ ಮನೆಯ ಹಿರಿಯಳು ಹೊಲಿದ ಕೌದಿ ಇರಬೇಕು, ಅದು ನಮ್ಮಲ್ಲಿ ನಡೆದುಬಂದದ್ದು. ನನ್ನ ಬಲಗೈ ಹೆಬ್ಬೆರಳು ಈಚೆಗೆ ಸೂಜಿ ಹಿಡಿಯಲು ಮೊಂಡಾಟ ಮಾಡುತ್ತದೆ. ಇದೊಂದು ಕೌದಿ ಆದರೆ ಸಾಕು, ಆಮೇಲೆ ಸೂಜಿ ಎತ್ತಿಡುತ್ತೇನೆ ಎಂದುಕೊಂಡು ಹಳೆಯ ಬಟ್ಟೆಯ ಗಂಟು ಬಿಚ್ಚಿದೆ.

ಗಂಟಿನಲ್ಲಿ ಇದ್ದದ್ದೆಲ್ಲ ಪಾಲಿಸ್ಟರು. ಸೊಸೆಯ ಸೀರೆಗಳು, ಮಗನ ಪ್ಯಾಂಟುಗಳು. ಕೂಸು ಉಚ್ಚೆ ಹೊಯ್ದರೆ ಅವು ಹೀರುವುದಿಲ್ಲ, ಕೂಸು ಅದರಲ್ಲೇ ಈಜಬೇಕು. ನೂಲಿನದೆಂದರೆ ನನ್ನ ಗಂಡನ ಎರಡು ಧೋತರ. ಅವನು ಸತ್ತು ಒಂಬತ್ತು ವರ್ಷವಾಗಿತ್ತು, ಅವನಿಗೇನೂ ಬೇಕಿರಲಿಲ್ಲ. ಒಳಪದರಿಗೆ ಅವನ್ನು ತೆಗೆದಿಟ್ಟೆ. ಮೇಲಿನ ಪದರಿಗೆ ಕೊಳ್ಳಲೇಬೇಕಾಯಿತು.

"ಆಯಿ, ಫೋನಿನಾಗ ಸಿಗತೈತಿ, ನೋಡಿಲ್ಲಿ" ಎಂದು ಮೊಮ್ಮಗಳು ತೋರಿಸಿದಳು. ಕೌದಿ ಹೊಲಿಯುವವರಿಗೆಂದೇ ಹೊಸ ಬಟ್ಟೆಯನ್ನು ಅಂಗೈ ಅಗಲದ ಚೌಕ ಮಾಡಿ, ಕಟ್ಟು ಕಟ್ಟಿ ಮಾರುತ್ತಿದ್ದರು. ಆ ಕಟ್ಟಿನ ಬೆಲೆಗೆ ನಮ್ಮ ಕಡೆ ಒಂದು ಸೀರೆಯೇ ಬರುತ್ತದೆ.

"ಹೊಸಾ ಬಟ್ಟೀನ ಯಾಕ ಹರದಾರ?"

"ಹರದಿಲ್ಲ ಆಯಿ, ಕತ್ತರಿಸ್ಯಾರ. ನಿನ್ನ ಕೆಲಸ ಕಡಿಮಿ ಆಕ್ಕೈತಿ."

"ಬಟ್ಟಿ ಹರದೈತಂತ ನಾವು ತುಂಡು ಹಚ್ಚತಿದ್ವಿ. ಇವರು ತುಂಡು ಹಚ್ಚಾಕಂತ ಬಟ್ಟಿ ಕೊಯ್ತಾರ. ಬ್ಯಾಡವಾ, ರೊಕ್ಕ ಹೆಚ್ಚಾದವರು ತಗೊಳ್ಳಲಿ."

ಅದರ ಕೆಳಗೇ ಇನ್ನೊಂದಿತ್ತು. ಮೀಟರಿಗೆ ಅರವತ್ತು ರೂಪಾಯಿ, ಕಾಟನ್ ಎಂದು ಬರೆದಿತ್ತು. ನಾನೂ ಅಕ್ಷರ ಕೂಡಿಸಿಕೊಂಡು ಓದಿದೆ. ತರಿಸಿದಳು. ನಾಲ್ಕನೆಯ ದಿನ ಬಂತು. ಅಂಚಿನಿಂದ ಒಂದು ಎಳೆ ಜಗ್ಗಿ ಕಡ್ಡಿ ಗೀರಿ ಹಿಡಿದೆ. ನೂಲಾದರೆ ಬೂದಿಯಾಗುತ್ತದೆ. ಇದು ಕರಗಿ ಸಾಸಿವೆಕಾಳಿನಂತೆ ಗಟ್ಟಿಯಾಯಿತು. ವಾಪಸು ಕಳಿಸು ಎಂದೆ. ಸಿಂಧನೂರಿನಿಂದ ಒಬ್ಬ ಗಾಡಿಯ ಮೇಲೆ ಬಂದು, ಯಾಕೆ ಏನು ಎಂದು ಕೇಳದೆ ಒಯ್ದ. ಹಣವೂ ತಿರುಗಿ ಬಂತು. ಆ ಮಟ್ಟಿಗೆ ಅವರು ಒಳ್ಳೆಯವರೇ. ಆದರೆ ಹದಿನೈದು ದಿನ ಹೋಯಿತು.

"ಇನ್ನ ನಾನ ಹೋಗಿ ಮುಟ್ಟಿ ನೋಡಿ ತರತೀನಿ" ಎಂದೆ.

"ಫೋನಿನಾಗ ತರಿಸಿದ್ರ ಬಸ್ ಚಾರ್ಜರ ಉಳಿತೈತಿ ಆಯಿ."

"ಹೆಂಗಸರಿಗೆ ಬಸ್ಸು ಪುಕ್ಕಟೆ. ಆಧಾರ್ ಕಾರ್ಡ್ ಕೊಡಿಲ್ಲಿ."

ಮಸ್ಕಿ ನಡುವೆ ಕೂತಿದೆ. ಈ ಕಡೆ ಬಸ್ಸು ಹತ್ತಿದರೆ ಸಿಂಧನೂರು, ಆ ಕಡೆ ಹತ್ತಿದರೆ ಲಿಂಗಸುಗೂರು. ಮೊದಲು ಸಿಂಧನೂರಿಗೆ ಹೋದೆ. ಭತ್ತದ ದುಡ್ಡು ಓಡಾಡುವ ಊರು, ಅಂಗಡಿಗಳಿಗೆ ಗಾಜಿನ ಬಾಗಿಲು. ನೂಲಿನ ಬಟ್ಟೆ ಮೀಟರಿಗೆ ನೂರ ಎಂಬತ್ತು, ಕಮ್ಮಿ ಮಾಡುವ ಮಾತೇ ಇಲ್ಲ. ಒಂದು ಮೂಲೆಯನ್ನು ಎಂಜಲು ಬೆರಳಿನಿಂದ ತಿಕ್ಕಿ ಬಣ್ಣ ಬಿಡುತ್ತದೆಯೇ ಎಂದು ನೋಡುತ್ತಿದ್ದೆ. ಅಲ್ಲಿಯ ಹುಡುಗಿ ಬಟ್ಟೆಯನ್ನು ಕೈಯಿಂದ ಕಿತ್ತುಕೊಂಡಳು. ಅವಳದೂ ತಪ್ಪಲ್ಲ.

ಮರುದಿನ ಲಿಂಗಸುಗೂರು. ಬಜಾರಿನಲ್ಲಿ ಒಂದು ಹಳೆಯ ಅಂಗಡಿ, ಗಾದಿಯ ಮೇಲೆ ಬಿಳಿ ಹಾಸು, ಗೋಡೆಯತನಕ ಬಟ್ಟೆಯ ಥಾನುಗಳು. ಯಜಮಾನನಿಗೆ ಐವತ್ತರ ಮೇಲಾಗಿತ್ತು. ಎಂಜಲು ಹಚ್ಚಿದೆ, ಎಳೆ ಸುಟ್ಟೆ, ಮೂಸಿದೆ. ಅವನು ಸುಮ್ಮನೆ ಕೂತು ನೋಡಿದ. ನೂರ ನಲವತ್ತು ಎಂದ, ನೂರ ಇಪ್ಪತ್ತೈದಕ್ಕೆ ಇಳಿಸಿದೆ. ಫೋನಿನ ಅರವತ್ತರ ಎರಡು ಪಟ್ಟಾಯಿತು. ಇರಲಿ, ಇದು ಬಟ್ಟೆ.

ಕಟ್ಟಿ ಕೊಡುವಾಗ ಹೇಳಿದ: "ಅವ್ವಾರ, ಒಂದು ಮಾತು. ಹೊಲಿಯೂದಕ್ಕಿಂತ ಮೊದ್ಲ ಒಂದಿನ ನೀರಾಗ ನೆನಿಯಿಡ್ರಿ. ಕುಗ್ಗತೈತಿ."

"ನನಗ ಹೇಳ್ತಿಯೇನಪಾ? ನೀ ಹುಟ್ಟೂದಕ್ಕಿಂತ ಮೊದ್ಲ ಸೂಜಿ ಹಿಡದಾಕಿ ನಾ."

"ಹಿಡದೀರಿ ಬಿಡ್ರಿ. ಆದ್ರೂ ನೆನಿಯಿಡ್ರಿ."

ನೆನೆಯಿಡಲಿಲ್ಲ. ಕೂಸಿಗೆ ಕೊಡುವ ಹೊಸ ಬಟ್ಟೆಗೆ ಅರಿಶಿಣ ಮುಟ್ಟಿಸಿ ಕೊಡುತ್ತೇವೆ, ಅದಕ್ಕೆ ಮೊದಲು ನೀರು ಕಾಣಿಸುವುದಿಲ್ಲ. ಅದೊಂದು ಕಾರಣ. ಇನ್ನೊಂದು ಕಾರಣ ನನ್ನ ಸೊಕ್ಕು.

ಒಂದೂವರೆ ತಿಂಗಳು ಹೊಲಿದೆ. ಬೆಳಗಿನ ಬಿಸಿಲಿದ್ದಷ್ಟು ಹೊತ್ತು ಕಣ್ಣು, ಹೆಬ್ಬೆರಳು ಒಪ್ಪಿದಷ್ಟು ಹೊತ್ತು ಕೈ. ಕೊನೆಯ ಮೂಲೆ ಮುಚ್ಚುವಾಗ ಒಣಗಿದ ರೊಟ್ಟಿಯ ಚೂರೊಂದನ್ನು ಒಳಗಿಟ್ಟು ಹೊಲಿದೆ. ಕೌದಿಯ ಹೊಟ್ಟೆ ಖಾಲಿ ಇರಬಾರದು. ಮೂಲೆಗೆ ಅರಿಶಿಣ ಹಚ್ಚಿ ಕೂಸನ್ನು ಮಲಗಿಸಿದೆವು. ಕೂಸು ತನ್ನ ಕೆಲಸ ಮಾಡಿತು. ಒಗೆದು ಹಗ್ಗಕ್ಕೆ ಹಾಕಿದೆವು.

ಒಣಗಿದ ಮೇಲೆ ತೆಗೆದರೆ ಅದು ಕೌದಿಯಲ್ಲ, ಹಾಗಲಕಾಯಿ. ಮೇಲಿನ ಹೊಸ ಬಟ್ಟೆ ಕುಗ್ಗಿತ್ತು, ಒಳಗಿನ ಧೋತರ ಹಾಗೆಯೇ ಇತ್ತು. ಮೈತುಂಬ ಗಂಟು, ಗುಬುಟು. ಅದರ ಮೇಲೆ ದೊಡ್ಡವರೇ ಮಲಗಲಾರರು, ಕೂಸಿನ ಮಾತೆಲ್ಲಿ ಬಂತು. ಅರವತ್ತು ವರ್ಷ ಹೊಲಿದವಳಿಗೆ ಹೊಸ ಬಟ್ಟೆ ಇಷ್ಟು ಕುಗ್ಗುತ್ತದೆ ಎಂಬುದೇ ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು? ನನ್ನ ಕೈಗೆ ಬಂದ ಬಟ್ಟೆಯೆಲ್ಲ ನೂರು ಸಲ ಒಗೆಸಿಕೊಂಡು, ಕುಗ್ಗುವಷ್ಟು ಕುಗ್ಗಿ ಬಂದದ್ದು.

ಮೊಮ್ಮಗಳು ಹೊರಡಲು ಹನ್ನೆರಡು ದಿನ ಉಳಿದಿತ್ತು. "ಹೋಗ್ಲಿ ಬಿಡಾಯಿ, ಫೋನಿನಾಗ ಒಂದು ತಯಾರ್ ಕೌದಿ ತರಿಸ್ತೀನಿ" ಎಂದಳು. ನನಗೆ ಮೈ ಉರಿಯಿತು. ಕೌದಿಯನ್ನು ಸುತ್ತಿ ಚೀಲಕ್ಕೆ ತುರುಕಿ ಲಿಂಗಸುಗೂರಿನ ಬಸ್ಸು ಹತ್ತಿದೆ. ನಿನ್ನ ಬಟ್ಟೆ ಕೆಟ್ಟದ್ದು ಎಂದು ಅವನಿಗೆ ಬೈಯುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಗಾದಿಯ ಮೇಲೆ ಬಿಡಿಸಿ ಹಾಕಿದೆ. ಬೈಯುವ ಮೊದಲೇ ಅವನು ಅದನ್ನು ಮಗುಚಿ, ಹೊಲಿಗೆಯ ಮೇಲೆ ಬೆರಳಾಡಿಸಿದ. ನಾನು ಹೇಳಿರಲಿಲ್ಲವೇ ಎಂದು ಕೇಳಬಹುದಿತ್ತು. ಕೇಳಲಿಲ್ಲ.

"ಕೈ ಚೊಲೊ ಐತ್ರಿ ನಿಮ್ದು. ಬಟ್ಟಿನೂ ಕೆಟ್ಟಿಲ್ಲ, ಕುಗ್ಗೂದು ಮುಗಿಸೇತಿ. ಬಿಚ್ಚಿ ಮತ್ತ ಹಚ್ಚಿದ್ರ ಇನ್ನ ಕುಗ್ಗಂಗಿಲ್ಲ."

"ಬಿಚ್ಚಿ ಹಚ್ಚಿದ್ರ ಅಗಲ ಸಾಲಂಗಿಲ್ಲ. ನಡುವ ಹೊಸಾ ಬಟ್ಟಿ ಹಾಕಿದ್ರ, ಅರಿಶಿಣಕ್ಕಿಂತ ಮೊದ್ಲ ಅದಕ್ಕ ನೀರು ಕಾಣಸಂಗಿಲ್ಲ, ಮತ್ತ ಅದ ರಾಮಾಯಣ."

ಅವನು ಎದ್ದು, "ಏಳ್ರಿ ಅವ್ವಾರ, ಸ್ವಲ್ಪ" ಎಂದ. ನಾನು ಕೂತಿದ್ದ ಗಾದಿಯ ಬಿಳಿ ಹಾಸನ್ನು ಎಳೆದು ತೆಗೆದು, ಝಾಡಿಸಿ ಮಡಿಚಿದ. "ಇದು ನಮ್ಮಪ್ಪನ ಕಾಲದ್ದು. ವಾರಾ ವಾರಾ ಒಗಸೇವಿ. ಇದರಷ್ಟು ಮೆತ್ತಗಿಂದು ಇಡೀ ಅಂಗಡ್ಯಾಗ ಇಲ್ಲ."

"ಎಷ್ಟು?"

"ಕೂತು ಸವಸಿದವರು ನಿಮ್ಮಂಥಾ ಗಿರಾಕಿಗಳ. ನಿಮ್ಮ ಕಡೆ ರೊಕ್ಕ ಹೆಂಗ ತಗೊಳ್ಳಿ?"

ಬೈಯಲು ಹೋದವಳು ಹಾಸು ಹೊತ್ತುಕೊಂಡು ಬಂದೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಎಷ್ಟು ಜನ ಅದರ ಮೇಲೆ ಕೂತು ಮದುವೆಯ ಸೀರೆ ಆರಿಸಿದ್ದರೋ, ರೇಟಿಗೆ ಜಗಳಾಡಿದ್ದರೋ. ಹತ್ತಿಯಂತೆ ಮೆತ್ತಗಿತ್ತು.

ಮೊಮ್ಮಗಳು ಕೂಸಿಗೆ ಹಾಲು ಕುಡಿಸುತ್ತಲೇ ಹೊಲಿಗೆ ಬಿಚ್ಚಿದಳು. ಹಾಸನ್ನು ಉದ್ದುದ್ದ ಪಟ್ಟಿ ಹರಿದು, ಕುಗ್ಗಿದ ಬಟ್ಟೆಯನ್ನೂ ತುಂಡು ಮಾಡಿ ಅವುಗಳ ನಡುವೆ ಜೋಡಿಸಿದೆ. ಐದನೆಯ ದಿನಕ್ಕೆ ನನ್ನ ಹೆಬ್ಬೆರಳು ಊದಿ ಕೂತಿತು. ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

"ಕೊಡಿಲ್ಲಿ ಸೂಜಿ" ಎಂದಳು.

"ನಿನಗ ಬರಂಗಿಲ್ಲ."

"ನಿನಗ ನೆನಿಯಿಡಾಕ ಬರತಿತ್ತೇನ?"

ಸೂಜಿ ಕೊಟ್ಟೆ. ಅವಳ ಹೊಲಿಗೆ ಗೋಧಿಕಾಳಿನಷ್ಟುದ್ದ, ನನ್ನದು ಎಳ್ಳಿನಷ್ಟು. ಸಾಲು ಸೊಟ್ಟ. ಮೊದಲೆರಡು ದಿನ ಬೈದೆ, ಆಮೇಲೆ ಬೈಯುವುದಕ್ಕೂ ಪುರುಸೊತ್ತು ಇರಲಿಲ್ಲ. ಹೊರಡುವ ಹಿಂದಿನ ದಿನ ಮಧ್ಯಾಹ್ನ ಕೊನೆಯ ಮೂಲೆಗೆ ಬಂದಳು. ಈ ಸಲ ರೊಟ್ಟಿಯ ಚೂರು ಅವಳೇ ಇಟ್ಟಳು. ಒಗೆದೆವು, ಒಣಗಿತು, ಚಾಪೆಯಂತೆ ಸಪಾಟಾಗಿ ಬಿತ್ತು. ಸೊಟ್ಟ ಸಾಲುಗಳನ್ನು ನಾನು ಬಿಚ್ಚಲಿಲ್ಲ. ಕೂಸು ಅದರ ಮೇಲೆಯೇ ಹಟ್ಟಿಗೆ ಹೋಯಿತು.

ನನ್ನ ಕೈ ಮುಗಿಯಿತು. ಆದರೆ ಸೂಜಿ ಎತ್ತಿಡುವ ಕೆಲಸ ಬೀಳಲಿಲ್ಲ, ಮೊಮ್ಮಗಳು ಅದನ್ನು ಒಯ್ದಳು.

ಹಾಸಿನ ಪಟ್ಟಿಗಳೇ ಅಗಲ ತುಂಬಿದ್ದರಿಂದ ಕುಗ್ಗಿದ ತುಂಡು ನಾಲ್ಕಾರು ಉಳಿದಿದ್ದವು. ಎರಡು ತಿಂಗಳ ಮೇಲೆ ಅವಳು ಕೂಸನ್ನು ತೋರಿಸಲು ಬಂದಾಗ ಅವುಗಳಿಂದ ಕೂರುವಷ್ಟಗಲದ ಒಂದು ಸಣ್ಣ ಕೌದಿ ಹೊಲಿಸಿದೆ. ಅದನ್ನು ಲಿಂಗಸುಗೂರಿಗೆ ಒಯ್ದು ಅಂಗಡಿಯ ಗಾದಿಯ ಮೇಲೆ ಇಟ್ಟೆ. ಅಲ್ಲಿ ಹೊಸ ಹಾಸು ಬಂದಿತ್ತು, ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ.

"ಇದಕ್ಕೇನು ಕೊಡ್ಲಿ ಅವ್ವಾರ?" ಎಂದ.

"ಫೋನಿನಾಗ ನೋಡು ಇದರ ರೇಟ. ನೋಡಿ ಗಾಬರ್ಯಾಗು. ಕೊಡಬ್ಯಾಡ."

ಅವನು ಕೌದಿಯನ್ನು ಹಾಸಿ, ಅದರ ಮೇಲೆ ಕೂತು, ಅತ್ತಿತ್ತ ಸರಿದು ನೋಡಿದ. ಅಷ್ಟು ತಿಂಗಳು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಆಗ ಕೇಳಿದ:

"ನೆನಿಯಿಟ್ಟು ಹೊಲದೀರಿಲ್ರೀ?"