ಹೋದವರೂ ಲೆಫ್ಟ್, ಉಳದವರೂ ಲೆಫ್ಟ್

ಕಣ್ಣಿನ ಔಷಧದ ಸಣ್ಣ ಸೀಸೆ ಮ್ಯಾಲ ನರ್ಸಮ್ಮ ನೀಲಿ ಪೆನ್ನಿನಾಗ ಒಂದ ಶಬ್ದ ಬರದು ಕೊಟ್ಟಾಳ. ಲೆಫ್ಟ್. "ಅಜ್ಜಾ, ದಿನಾ ಲೆಫ್ಟ್ ಕಣ್ಣಾಗ ಒಂದ ಹನಿ ಬಿಟ್ಕೊ" ಅಂದ್ಲು. ನಾ ಸುಮ್ನ ಬರೋ ಮನಶಾ ಏನು? ನನ್ನ ಬಲಗಣ್ಣು ಹೋಗಿ ಭಾಳ ವರ್ಷ ಆತು. "ತಂಗೀ, ಲೆಫ್ಟ್ ಅಂದ್ರ ಹೋದ ಕಣ್ಣೋ, ಉಳದ ಕಣ್ಣೋ?" ಅಂದೆ. ಆಕಿ ನನ್ನ ಕಿವಿ ಹತ್ರ ಬಂದು "ಎಡಗಣ್ಣೂ... ಎಡಗಣ್ಣು!" ಅಂತ ಒದರಿದ್ಲು. ಕಿವುಡ ಅಂದ್ಕೊಂಡ್ಲು ಪಾಪ. ಅಂಥಾ ಚಲೋ ಮಾತು ನೆಲಕ್ಕ ಬಿತ್ತು. ಆ ಮಾತಿಗೆ ನಗೋರು ಒಬ್ರಿದ್ರು...

ನಮ್ಮ ಇಂಗ್ಲಿಷ್ ಮಾಸ್ತರಸಾಬ್ರು. ನಿಜಾಮರ ಕಾಲದ ಮಾತು ಇದು, ಲಿಂಗಸುಗೂರಿಂದು. ಸಾಲಿಯೊಳಗ ಲೆಕ್ಕ, ಭೂಗೋಳ ಎಲ್ಲಾ ಉರ್ದುದಾಗ ನಡೀತಿತ್ತು. ಇವ್ರು ಇಂಗ್ಲಿಷ್ ತಗೊಂಡು ಉರ್ದುಕ್ಕ ಇಳಸೋರು, ಅದೂ ತಿಳೀದ ನಮ್ಮಂಥಾ ಕ್ವಾಣಗಳಿಗೆ ಕನ್ನಡಕ್ಕ ಇಳಸೋರು. ನಾ ಒಂದೊಂದು ಜಮಾತಿನಾಗ, ಅಂದ್ರ ಕ್ಲಾಸಿನಾಗ, ಎರಡೆರಡು ವರ್ಷ ಕುಂತು, ಪೂರಾ ರುಚಿ ನೋಡಿನ ಮುಂದ ಹೋಗಾಂವ. ಹಿಂಗಾಗಿ ಸಾಲಿಯೊಳಗ ಮೀಸಿ ತೀಡೋ ವಿದ್ಯಾರ್ಥಿ ನಾ ಒಬ್ನ. ಆದ್ರ ಕಿಡಿಗೇಡಿತನದಾಗ ಲಿಂಗಸುಗೂರಿಂದ ಮಸ್ಕಿ ತನಕ ನನ್ನ ಸರಿಗಟ್ಟಾಂವ ಯಾವನೂ ಇರ್ಲಿಲ್ಲ. ಬೇಕಾದ್ರ ಕೇಳ್ರಿ... ಹೇಳೋರು ಯಾರೂ ಉಳದಿಲ್ಲ, ಅದು ಬ್ಯಾರೆ ಮಾತು.

ನಮ್ಮಪ್ಪನ ಕಾಳಿನ ಅಂಗಡಿ ಗೋಡಿಗೆ ಹತ್ತಿದ ಖೋಲಿಯೊಳಗ ಮಾಸ್ತರು ಒಬ್ರ ಇರ್ತಿದ್ರು. ಹೆಂಡ್ತಿ, ಒಬ್ಳ ಮಗಳು, ಇಬ್ರೂ ಸಿಂಧನೂರಾಗ ಹೆಂಡ್ತಿ ಅಣ್ಣನ ಮನ್ಯಾಗ. ಗಂಡಹೆಂಡ್ರ ನಡುವ ಏನು ಮಾತು ಬಂದಿತ್ತೋ, ಆಯಮ್ಮ ಹೋಗಿ ಎಷ್ಟೋ ವರ್ಷ ಆಗಿತ್ತು. ಸಂಜಿಮುಂದ ಮಾಸ್ತರು ಖಿಚಡಿ ಇಟ್ಟು, ಒಲಿ ಮುಂದ ಕುಂತು ಜೋರಾಗಿ ಇಂಗ್ಲಿಷ್ ಮಾತಾಡೋರು. ಊರಾಗ ಅವ್ರ ಸಂಗಾಟ ಆ ಭಾಷಾ ಮಾತಾಡೋರು ಯಾರದಾರ? ಪ್ರಶ್ನೆನೂ ಅವ್ರದ, ಉತ್ತರನೂ ಅವ್ರದ. ನಾ ಗೋಡಿ ಈಚೆಯಿಂದ "ಎಸ್ ಸರ್!" ಅಂತ ಒದರ್ತಿದ್ದೆ. ಆಮ್ಯಾಲ ಗೋಡಿ ಆಚೆಯಿಂದ "ಥ್ಯಾಂಕ್ ಯೂ, ಶೈತಾನ್" ಅಂತ ಬರ್ತಿತ್ತು.

ಒಂದಿನ ಹಲಗಿ ಮ್ಯಾಲ 'ಲೀವ್' ಅಂತ ಬರದ್ರು. "ಕನ್ನಡದಾಗ ಬಿಡೋದು. ನಿನ್ನೆ ಬಿಟ್ಟಿದ್ರ ಲೆಫ್ಟ್" ಅಂದ್ರು. ಮಾವಿನ ಗಿಡ ಹೂ ಬಿಟ್ಟದ, ಇದನ್ನ ಇಂಗ್ಲಿಷಿನಾಗ ಹೇಳ್ರಿ ಅಂದ್ರು. ನಾ ಎದ್ದು ನಿಂತೆ. "ಮ್ಯಾಂಗೋ ಟ್ರೀ ಲೆಫ್ಟ್ ಫ್ಲವರ್ಸ್!"

"ಹೂ ಬಿಟ್ಟು ಎಲ್ಲಿಗೆ ಹೋತೋ ನಿನ್ನ ಗಿಡ? ಸಿಂಧನೂರಿಗೇನು?" ಅಂತ ಅವ್ರೂ ನಕ್ರು.

ಆಮ್ಯಾಲ ಒಂದೊಂದ ಬಿಚ್ಚಿದ್ರು. ಲೀವ್ ಅಂದ್ರ ರಜಾನೂ ಹೌದು. ಲೆಫ್ಟ್ ಅಂದ್ರ ಎಡಗೈನೂ ಹೌದು. ಐದು ರೊಟ್ಟಿಯೊಳಗ ಮೂರು ತಿಂದ್ರ, ಎರಡು ಲೆಫ್ಟ್.

"ಆ ಎರಡು ಎಲ್ಲಿ ಹೋದ್ವು ಸಾಬ್?" ಅಂದೆ.

"ಹೋಗ್ಲಿಲ್ಲೋ ಗಧೇ, ಉಳದ್ವು!"

"ಹಂಗಾರ ಹೋದಾಂವನೂ ಲೆಫ್ಟ್, ಉಳದಾಂವನೂ ಲೆಫ್ಟ್. ಯಾರು ಹೋದ್ರು, ಯಾರು ಉಳದ್ರು, ಈ ಇಂಗ್ಲಿಷಿನವ್ರಿಗೆ ಹೆಂಗ ತಿಳೀತದ?"

ಇಡೀ ಜಮಾತು ಬಿದ್ದು ಬಿದ್ದು ನಕ್ಕಿತು. ಮಾಸ್ತರು ಮಾತ್ರ ಹಲಗಿ ಮ್ಯಾಲ ಬರಿಯೋ ಖಡು ಕೈಯಾಗ ಹಿಡ್ಕೊಂಡು ಕಿಟಕಿ ಕಡೆ ನೋಡ್ಕೋತ ನಿಂತ್ರು... "ಅವ್ರಿಗೂ ತಿಳೀವಲ್ದು, ಬೇಟಾ" ಅಂದ್ರು.

ಆ ಚಳಿಗಾಲಕ್ಕ ಸಿಂಧನೂರಿಂದ ಒಬ್ಬಾಂವ ಸುದ್ದಿ ತಂದ. ಮಗಳ ಲಗ್ನ ಗೊತ್ತಾಗ್ಯಾದ, ತಂದಿ ನಿಂತು ಕಳಸಿಕೊಡ್ಲಿ ಅಂತ ಆಯಮ್ಮನ ಹೇಳಿ ಕಳಸ್ಯಾಳ. ಅಷ್ಟು ವರ್ಷದಾಗ ಆಕಿ ಬರ್ರಿ ಅಂದದ್ದು ಅದ ಮೊದಲು. ಮಾಸ್ತರು ಅವತ್ತು ಶೇರ್ವಾನಿ ತಗದು ಬಿಸಲಿಗೆ ಹಾಕಿದ್ರು.

ರಜಾ ಕೊಡೋರು ಸದರ್ ಸಾಹೇಬ್ರು, ಅಂದ್ರ ಹೆಡ್‌ಮಾಸ್ತರು. ಅವ್ರ ಬಾಗ್ಲ ಹೊರಗ ನಾ ಶಿಕ್ಷಾ ಅನುಭವಿಸ್ಕೋತ ಬಗ್ಗಿ ನಿಂತಿದ್ದೆ. ಅದು ನನ್ನ ಖಾಯಂ ಜಾಗ. ಎಲ್ಲಾ ಕೇಳಿಸ್ತು. ಉರ್ದುದಾಗ ರಜಾಕ್ಕ ರುಖ್ಸತ್ ಅಂತಾರ. ಮದುಮಗಳನ್ನ ಗಂಡನ ಮನಿಗೆ ಕಳಸೋದಕ್ಕೂ ರುಖ್ಸತ್ ಅಂತಾರ.

"ರುಖ್ಸತ್ ಬೇಕಾಗಿತ್ರಿ ಸಾಹೇಬ್."

"ಯಾಕ?"

"ರುಖ್ಸತ್ ಅದ್ರಿ."

"ಮಸ್ಕರಿ ಮಾಡಾಕತ್ತೀರೇನು? ಪರೀಕ್ಷಾ ಹತ್ರ ಬಂದಾವ. ಹೋಗ್ರಿ, ಪಾಠ ಹೇಳ್ರಿ."

ನಮಗ ಒಂದ ಶಬ್ದಕ್ಕ ನಾಕು ಅರ್ಥ ಬಿಚ್ಚಿ ಹೇಳೋ ಮನಶಾ, ತನ್ನ ಒಂದ ಅರ್ಥಕ್ಕ ಎರಡನೇ ಶಬ್ದ ಸಿಗದ ಹೊರಗ ಬಂದ್ರು. ಮಗಳು ಅನ್ನೋ ಮಾತ ಬಾಯಿಗೆ ಬರ್ಲಿಲ್ಲ. ಅವತ್ತು ಸಂಜಿಗೆ ಗೋಡಿ ಆಚೆ ಇಂಗ್ಲಿಷ್ ಇಲ್ಲ. ನಾನ ತಡೀಲಾರದ "ಎಸ್ ಸರ್" ಅಂದೆ. ಶೇರ್ವಾನಿ ಪೆಟ್ಟಿಗಿಗೆ ಹಾಕಿ ಮುಚ್ಚಿದ ಸಪ್ಪಳ ಅಷ್ಟ ಬಂತು.

ಈಗ ನನ್ನ ಪರಾಕ್ರಮ ಕೇಳ್ರಿ. ಆಗ ಇಲಿ ಸತ್ತು ಬಿತ್ತಂದ್ರ ಪ್ಲೇಗ್ ಬಂತು ಅಂತ ಲೆಕ್ಕ. ಸಾಲಿ ಮುಚ್ಚೋರು, ಜನ ಊರು ಬಿಟ್ಟು ಹೊಲದಾಗ ಗುಡಸಲಾ ಹಾಕೋರು. ಮಾಸ್ತರಿಗೆ ರಜಾ ಕೊಡದಿದ್ರ ಬ್ಯಾಡ, ಸಾಲಿಗೇ ರಜಾ ಕೊಡಸಿದ್ರ? ಮುಂಜಾನೆ ನಮ್ಮ ಅಂಗಡಿ ಬೋನಿನಾಗ ಸತ್ತಿದ್ದ ಒಂದು ದಪ್ಪ ಇಲಿ ಬಾಲಕ್ಕ ಸುತಳಿ ಕಟ್ಟಿ, ಧೋತರದ ಗಂಟಿನಾಗ ಒಯ್ದು, ಸದರ್ ಸಾಹೇಬ್ರ ಕುರ್ಚಿ ಕೆಳಗ ಮಲಗಿಸಿದೆ. ಸಾಹೇಬ್ರು ಕಾಲು ಚಾಚಿದ್ರು, ಬಗ್ಗಿ ನೋಡಿದ್ರು... ಅಷ್ಟು ದೊಡ್ಡ ಹುದ್ದೇದವ್ರು ಅಷ್ಟು ಜೋರಾಗಿ ಓಡಿದ್ದು ನಾ ಮತ್ತ ಕಂಡಿಲ್ಲ. ಗಂಟಿ ಬಾರಸ್ತು, ಸಾಲಿ ಬಿಡ್ತು.

ಗದ್ದಲದಾಗ ಮಾಸ್ತರು ಮಾತ್ರ ನನ್ನ ಧೋತರಕ್ಕ ಹತ್ತಿದ ಕಾಳಿನ ಹೊಟ್ಟು ನೋಡಿದ್ರು. "ಲೇ ಶೈತಾನ್, ಯಾವ ದುಕಾನದ ಇಲಿ ಅದು?"

"ನಮ್ಮದ ಸಾಬ್. ಚಲೋ ಬಿಳಿಜ್ವಾಳ ತಿಂದು ಬೆಳದದ್ದು."

ಅವ್ರು ನಕ್ಕದ್ದು ನೋಡಬೇಕಿತ್ತು ನೀವು. ಕಣ್ಣಾಗ ನೀರು ಬಂತು.

ಮಾಸ್ತರನ್ನ ಕುಂಡ್ರಿಸ್ಕೊಂಡು ಮಸ್ಕಿ ತನಕ ನಮ್ಮ ಎತ್ತಿನ ಬಂಡಿ ನಾನ ಹೊಡದೆ. ಅಲ್ಲಿ ಸಿಂಧನೂರಿಗೆ ಹೋಗೋ ಬಂಡಿ ನಿಂತಿತ್ತು. ಶೇರ್ವಾನಿ ಜಾಡಿಸ್ಕೊಂಡು ಹತ್ತಿ ಕುಂತು ಕೇಳಿದ್ರು, "ಹೇಳ್ ನೋಡೂಣು. ನಾ ಹೊಂಟೆ. ಇಂಗ್ಲಿಷಿನಾಗ ಏನಾತು?"

"ನೀವು ಲೆಫ್ಟ್ ಸಾಬ್."

"ಮತ್ತ ನೀ?"

ಬಂಡಿ ಹೊಂಟೇಬಿಡ್ತು. ನಾ ರಸ್ತೇದ ಮ್ಯಾಲ ನಿಂತು ಒದರಿದೆ, "ನಾನೂ ಲೆಫ್ಟ್ ಸಾಬ್!"

"ಪಾಸ್!" ಅಂತ ಕೈ ಎತ್ತಿದ್ರು. ಜಲ್ಮದಾಗ ಇಂಗ್ಲಿಷಿನಾಗ ನಾ ಪಾಸಾದದ್ದು ಅದೊಂದ ಸಲ.

ಸಾಲಿ ಮತ್ತ ತೆರೀತು. ಇಲಿ ಬಾಲಕ್ಕಿದ್ದ ನಮ್ಮ ಅಂಗಡಿ ಸುತಳಿ ಬಿಚ್ಚಾಕ ನಾ ಮರತಿದ್ದೆ ನೋಡ್ರಿ, ಅದರಿಂದ ಸಿಕ್ಕಿಬಿದ್ದು ಬೆತ್ತ ಮುರಿಯೂತನ ತಿಂದೆ. ಅದಕ್ಕೇನೂ ಅನಸಲಿಲ್ಲ. ಆದ್ರ ಮಾಸ್ತರು ತಿರುಗಿ ಬರ್ಲಿಲ್ಲ. ಇವತ್ತ ಬರ್ತಾರ, ನಾಳೆ ಬರ್ತಾರ... ಗೋಡಿ ಆಚೆ ಖೋಲಿಯೊಳಗ ಅವ್ರ ಖಿಚಡಿ ಬೋಗಾಣಿ ಹಂಗ ಬೋರಲ ಬಿದ್ದಿತ್ತು.

ಎರಡು ಬ್ಯಾಸಿಗಿ ಕಳದ ಮ್ಯಾಲ ಕಾಳಿನ ವ್ಯಾಪಾರಕ್ಕ ಸಿಂಧನೂರಿಗೆ ಹೋದಾಗ ಮಾಸ್ತರ ಹೆಂಡ್ತಿ ಇದ್ದ ಮನಿ ಹುಡುಕಿದೆ. ಪರದಾ ಹಿಂದಿಂದ ಒಬ್ಬ ಮುದುಕಿ ದನಿ ಬಂತು. "ಉನೋ ರುಖ್ಸತ್ ಹೋಗಯೇ, ಬಾಬಾ." ಅವ್ರು ರುಖ್ಸತ್ ಆದ್ರಂತ.

ರಜಾ ಹಾಕಿ ಮಗಳ ಊರಿಗೆ ಹೋಗ್ಯಾರೋ, ಎಲ್ಲಾರಿಗೂ ಹೇಳಿ ಈ ಊರ ಬಿಟ್ಟಾರೋ, ಇಲ್ಲಾ... ಅದಕ್ಕೂ ಉರ್ದುದಾಗ ಅದ ಶಬ್ದ. ಶಬ್ದ ಸಿಕ್ರ ಬಿಡದ ಪೀಡಸೋ ನಾನು ಅವತ್ತು ಯಾವ ರುಖ್ಸತ್ ಅಂತ ಕೇಳ್ಲಿಲ್ಲ. ಕೇಳಿದ್ರ ಒಂದ ಅರ್ಥ ಉಳೀತಿತ್ತು. ಕೇಳದ ಬಂದೆ, ಮೂರೂ ಉಳದ್ವು.

ಈಗ ಸೀಸೆ ಕೈಯಾಗ ಅದ. ದಿನಾ ಹನಿ ಮೂಗಿನ ಮ್ಯಾಲ ಬೀಳ್ತದ. ಹಳೇ ಅಂಗಡಿ ಅದ, ಗೋಡಿನೂ ಅದ. ಆಚೆ ಖೋಲಿಯೊಳಗ ಈಗ ಯಾರೋ ಮೊಬೈಲ್ ರಿಪೇರಿ ಮಾಡ್ತಾರ. ಇವತ್ತ ಹನಿ ನೆಟ್ಟಗ ಕಣ್ಣಾಗ ಬಿತ್ತು. ಆ ಖುಷಿಗೆ ಗೋಡಿ ಕಡೆ ಮುಖ ಮಾಡಿ "ಎಸ್ ಸರ್!" ಅಂದೆ.

ಆಚೆಯಿಂದ ಯಾವನೋ ಹುಡುಗ ಅಂದ, "ಯಾರ ಬೇಕಾಗಿತ್ತು, ಅಜ್ಜಾ?"