ವಾರಿಜಾಳ ಒಣಮೀನಿನ ಡಬ್ಬಿ

೧೯೭೧ನೇ ಇಸವಿ ಜೂನ್ ೨೧, ಸೋಮವಾರ, ಬೆಳಿಗ್ಗೆ ಏಳೂಕಾಲು ಗಂಟೆ. ಬೈಕುಲ್ಲಾದ ನಮ್ಮ ಚಾಳಿನ ಹಿಂದಿನ ಅಂಗಳದಲ್ಲಿ ಕಸದ ಲಾರಿಗೆಂದು ಇಟ್ಟಿದ್ದ ಗೋಣಿಚೀಲವೊಂದು ಅಲುಗಾಡಿತು. ಆಗ ರೈಲ್ವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು ಎರಡನೆಯ ಮಹಡಿಯಿಂದ ಅದನ್ನು ಕಣ್ಣಾರೆ ಕಂಡೆ. ನನ್ನಂತೆ ಇನ್ನೂ ನಾಲ್ವರು ನೋಡುತ್ತ ನಿಂತಿದ್ದರು. ಕೆಳಗಿಳಿದು ಹುರಿ ಬಿಚ್ಚಿದವಳು ವಾರಿಜಾ ಒಬ್ಬಳೇ. ಒಳಗೆ ಆರು ಬೆಕ್ಕಿನ ಮರಿಗಳಿದ್ದವು. ನಾಲ್ಕು ಸತ್ತಿದ್ದವು.

ವಾರಿಜಾ ಕೆಳಗಿನ ಉಡುಪಿ ಹೋಟೆಲಿನ ಸಪ್ಲೈಯರ್ ಕಾಂತಪ್ಪನ ಹೆಂಡತಿ. ಅವರ ಖೋಲಿ ಹೋಟೆಲಿನ ಮಾಲೀಕ ಶೇಖರನದು. ಸಸ್ಯಾಹಾರಿ ಹೋಟೆಲಿನ ಮೇಲಿನ ಖೋಲಿಗೆ ಮೀನು ಬರಕೂಡದು, ಬಂದರೆ ಖೋಲಿಯೂ ಇಲ್ಲ, ಕೆಲಸವೂ ಇಲ್ಲ ಎಂಬುದು ಕರಾರು. ಕಡಲತೀರದಲ್ಲಿ ಹುಟ್ಟಿ ಬೆಳೆದ ಆಕೆ ಆರು ವರ್ಷಗಳಿಂದ ಅದನ್ನು ಪಾಲಿಸಿದ್ದಳು.

ಉಗ್ರಾಣದ ಇಲಿಗಳಿಗಾಗಿ ಶೇಖರನಿಗೆ ಬೆಕ್ಕುಗಳು ಬೇಕಿದ್ದವು, ಮರಿಗಳು ಬೇಕಿರಲಿಲ್ಲ. ವರ್ಷಕ್ಕೆರಡು ಬಾರಿ ಅವನ ಅಪ್ಪಣೆಯಂತೆಯೇ ಚೀಲ ಕಟ್ಟಲಾಗುತ್ತಿತ್ತು. ಇದು ಎಲ್ಲರಿಗೂ ತಿಳಿದಿತ್ತೆಂಬುದೇ ನನಗೆ ಇಂದಿಗೂ ಅರಗದ ಸಂಗತಿ.

“ಹುಟ್ಟಿದ ಮೇಲೆ ಕೊಲ್ಲುವುದೆಂತಕ್ಕೆ ರಾಯರೇ?” ಎಂದು ವಾರಿಜಾ ನನ್ನನ್ನು ಕೇಳಿದಳು. “ಮಕ್ಕಳಾಗದ ಹಾಗೆ ಮನುಷ್ಯರಿಗೇ ಆಪರೇಷನ್ ಉಂಟು. ಬೆಕ್ಕಿಗೆ ಇರಲಿಕ್ಕಿಲ್ಲವಾ?”

ಇತ್ತು. ಆದರೆ ಪ್ರಾಣಿಗಳ ಆಸ್ಪತ್ರೆಯಲ್ಲಿ ಮಾಲೀಕರಿಲ್ಲದ ಬೆಕ್ಕಿಗೆ ಮಾಡುತ್ತಿರಲಿಲ್ಲ. “ಮಾಲಕ್ ಕೋಣ್?” ಎಂದು ಅಲ್ಲಿನ ಗುಮಾಸ್ತ ಮರಾಠಿಯಲ್ಲಿ ಕೇಳಿದಾಗ ವಾರಿಜಾ ತನ್ನ ಎದೆ ಮುಟ್ಟಿಕೊಂಡು “ಮೀಚ್”, ನಾನೇ, ಎಂದಳು. ಹೀಗೆ ಆಕೆ ಹದಿನೇಳು ಬೆಕ್ಕುಗಳಿಗೆ ಮಾಲೀಕಳಾದಳು. ಅರ್ಜಿಗಳನ್ನು ತುಂಬಿದವನು ನಾನು, ಸಂಖ್ಯೆಯಲ್ಲಿ ತಪ್ಪಿಲ್ಲ.

ಮುಚ್ಚಳದ ಬುಟ್ಟಿ ಹಿಡಿದು ಆಕೆ ಹೊರಟಾಗಲೆಲ್ಲ ಪಕ್ಕದ ಖೋಲಿಯ ಕಸ್ತೂರಿಬಾಯಿ ಕೆಣಕುತ್ತಿದ್ದಳು: “ಏನ್ರೀ ವಾರಿಜಾಬಾಯಿ, ಇವತ್ತ ಯಾರ ವಂಶಾ ನಿಲ್ಲಸಾಕ ಹೊಂಟೀರಿ?”

“ನಿಮ್ಮ ಮಂಚದಡಿ ಮರಿ ಹಾಕಿತಲ್ಲ, ಅದರದ್ದೇ!”

೧೯೭೨ರ ಮಳೆಗಾಲದಲ್ಲಿ ಅಂಗಳದಲ್ಲಿ ಒಂದೇ ಒಂದು ಚೀಲವೂ ಕಾಣಲಿಲ್ಲ. ಎರಡು ಹೆಣ್ಣು ಬೆಕ್ಕುಗಳು ಮಾತ್ರ ಇನ್ನೂ ಕೈಗೆ ಸಿಕ್ಕಿರಲಿಲ್ಲ.

೧೯೭೩ರ ಮಾರ್ಚ್ ೪, ಭಾನುವಾರ, ಸುಣ್ಣ ಹೊಡೆಯಲು ಬಂದವರು ವಾರಿಜಾಳ ಅಟ್ಟದಿಂದ ಒಂದು ತಗಡಿನ ಡಬ್ಬಿ ಇಳಿಸಿದರು. ಮುಚ್ಚಳ ತೆರೆದೊಡನೆ ಒಣ ಬೊಂಬಿಲ್ ಮೀನಿನ ವಾಸನೆ ಗ್ಯಾಲರಿಯುದ್ದಕ್ಕೂ ಹರಡಿತು. ಶೇಖರ ಮೆಟ್ಟಿಲೇರಿ ಬಂದ.

“ನನ್ನ ಹೋಟೆಲಿನ ತಲೆಯ ಮೇಲೆ ಮೀನಾ! ಗಿರಾಕಿಗಳಿಗೆ ಗೊತ್ತಾದರೆ ನಾನು ಮುಖ ಎಲ್ಲಿಡುವುದು?”

“ತಿನ್ನಲಿಕ್ಕಲ್ಲ ಧನಿಗಳೇ,” ಎಂದಳು ವಾರಿಜಾ. “ಎಂಟು ವರ್ಷ ಆಯಿತು, ನಾನು ಒಂದು ತುಂಡು ಬಾಯಿಗೆ ಹಾಕಲಿಲ್ಲ. ಹಾಲು ಇಟ್ಟರೆ ಬೆಕ್ಕು ಬುಟ್ಟಿಯೊಳಗೆ ಹೋಗುವುದಿಲ್ಲ. ಇದಿಟ್ಟರೆ ಹೋಗ್ತದೆ.”

ಕಾಂತಪ್ಪ ತಲೆ ತಗ್ಗಿಸಿ ನಿಂತಿದ್ದ. ಚಾಳಿನವರು ಸೆರಗಿನಿಂದ ಮೂಗು ಮುಚ್ಚಿ “ಶಿವ ಶಿವಾ” ಎಂದರು. ಅಂದು ಅಲುಗಾಡುವ ಚೀಲವನ್ನು ನೋಡುತ್ತ ತುಟಿ ಬಿಚ್ಚದವರು ಇವರೇ! ಒಂದು ಡಬ್ಬಿ ಒಣಮೀನು ಅವರನ್ನು ತಲ್ಲಣಗೊಳಿಸಿತು. ನಾನು ಚೀಲದ ಮಾತೆತ್ತಿದೆ, ದಿನಾಂಕ ಸಮೇತ. “ಯಾವ ಚೀಲ?” ಎಂದ ಶೇಖರ. ಅವನ ಕಣ್ಣು ನೇರವಾಗಿ ನನ್ನ ಮುಖದ ಮೇಲಿತ್ತು. ಅಷ್ಟು ನಿರಾಳವಾದ ಸುಳ್ಳನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನನ್ನ ಹಿಂದಿದ್ದವರು ಒಬ್ಬೊಬ್ಬರಾಗಿ ತಮ್ಮ ಖೋಲಿಗಳಿಗೆ ಸರಿದರು.

ಎಂಟು ದಿನಗಳಲ್ಲಿ ಖೋಲಿ ಹೋಯಿತು, ಕಾಂತಪ್ಪನ ಕೆಲಸವೂ ಹೋಯಿತು. ಕಾಂದಿವಲಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅವನು ಹೊಸ ಕೆಲಸಕ್ಕೆ ಸೇರಿದ.

ಇಷ್ಟಕ್ಕೇ ಮುಗಿಯಿತೆಂದು ನಾನೂ ನಂಬಿದ್ದೆ. ಆದರೆ ಅದೇ ತಿಂಗಳ ಕೊನೆಯ ಭಾನುವಾರ, ಹೋಟೆಲು ಗಿರಾಕಿಗಳಿಂದ ಕಿಕ್ಕಿರಿದಿದ್ದ ಹೊತ್ತಿನಲ್ಲಿ, ಲೋಕಲ್ ರೈಲಿಳಿದು ಬಂದ ವಾರಿಜಾ ಎದುರಿನ ಫುಟ್‌ಪಾತಿನಲ್ಲಿ ಬುಟ್ಟಿ ಇಟ್ಟು, ಡಬ್ಬಿಯ ಮುಚ್ಚಳ ತೆಗೆದಳು. ಸಿಗದೆ ಉಳಿದಿದ್ದ ಎರಡು ಬೆಕ್ಕುಗಳಲ್ಲಿ ಒಂದು ಅಡುಗೆಮನೆಯಿಂದ ಓಡಿಬಂದು, ಗಿರಾಕಿಗಳ ಕಾಲುಗಳ ನಡುವೆ ನುಸುಳಿ ರಸ್ತೆಗಿಳಿಯಿತು.

ಶೇಖರ ಗಲ್ಲಾಪೆಟ್ಟಿಗೆ ಬಿಟ್ಟೆದ್ದ. “ಹೋಟೆಲಿನ ಎದುರೇ ಮೀನು! ನಿನಗೆ ಹೆದರಿಕೆ ಎಂಬುದು ಉಂಟಾ?”

“ಇತ್ತು ಧನಿಗಳೇ, ನಿಮ್ಮ ಖೋಲಿಯಲ್ಲಿರುವಾಗ,” ಎಂದಳು ವಾರಿಜಾ. “ಈ ರಸ್ತೆ ನಿಮ್ಮದಲ್ಲವಲ್ಲ.”

ಬೆಕ್ಕು ಬುಟ್ಟಿಯೊಳಗೆ ಹೋಯಿತು. ಈ ಸಲ ಕೆಳಗಿಳಿದು ಬಂದಿದ್ದ ನಾನು ಬುಟ್ಟಿಯ ಮುಚ್ಚಳ ಹಾಕಿದೆ. ಅದು ಹದಿನೆಂಟನೆಯದು.